ಊರ ಸುತ್ತ ಚಿರತೆ ಓಡಾಡುವಾಗ ಶಾಲೆ ನಡೆಸುವುದು ಹೇಗೆ? ಮುಖ್ಯ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ತುಮಕೂರು ಜಿಲ್ಲೆಗೆ ಚಿರತೆ ಹೊಸದಲ್ಲ. ದೇವರಾಯನದುರ್ಗದ ಗುಡ್ಡ, ಬುಕ್ಕಾಪಟ್ಟಣದ ಕುರುಚಲು ಕಾಡು, ಮಧುಗಿರಿ ಕೊರಟಗೆರೆ ಕಡೆಯ ಬಂಡೆಗಳು, ಗುಬ್ಬಿ ಕುಣಿಗಲ್ ಕಡೆಯ ತೆಂಗು ಅಡಿಕೆ ತೋಟ, ಎಲ್ಲ ಕಡೆಯೂ ಅದು ಇದೆ. ನಾಯಿ, ಕುರಿ ಹಿಡಿದುಕೊಂಡು ನಮ್ಮ ಕಣ್ಣಿಗೆ ಬೀಳದೆ ತನ್ನ ಪಾಡಿಗೆ ಇರುತ್ತದೆ. ಆದರೆ 2019ರ ಕೊನೆಯಿಂದ 2020ರ ಶುರುವಿನವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು. ಅಂಥ ದಿನಗಳಲ್ಲಿ ಊರಿನವರು ಮೊದಲು ಕೇಳುವುದು ಮೇಷ್ಟ್ರನ್ನೇ. "ಏನ್ ಸಾರ್, ನಾಳೆ ಮಗುನ ಕಳಿಸ್ಲಾ, ಬೇಡ್ವಾ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಮುಖ್ಯ ಶಿಕ್ಷಕರಿಗಾಗಿ ಈ ಬರಹ. ನಾನು ಒತ್ತಿ ಹೇಳುವುದು ಒಂದೇ ಮಾತು. ಹೆದರಿಕೆ ಶುರುವಾದ ಕೂಡಲೇ ನಾವೆಲ್ಲ ಶಾಲೆಯ ಗೇಟಿನ ಕಡೆ ನೋಡುತ್ತೇವೆ. ಬೀಗ, ಕಾಂಪೌಂಡು, ಸಿಸಿಟಿವಿ ಅಂತ ಯೋಚಿಸುತ್ತೇವೆ. ಹಗಲು ಹೊತ್ತಿನಲ್ಲಿ, ಗಲಾಟೆ ಮಾಡುವ ಮಕ್ಕಳು ತುಂಬಿದ ಶಾಲೆಗೆ ಚಿರತೆ ಬರುವುದು ತೀರಾ ಅಪರೂಪ. ಅಪಾಯ ಇರುವುದು ದಾರಿಯಲ್ಲಿ. ಹಟ್ಟಿಯಿಂದ ಶಾಲೆಗೆ ಬರುವ ಆ ಎರಡು ಕಿಲೋಮೀಟರ್ ಕಾಲುದಾರಿಯಲ್ಲಿ, ಸೂರ್ಯ ಇಳಿಯುವ ಹೊತ್ತಿನಲ್ಲಿ, ಒಂಟಿಯಾಗಿ ಹಿಂದೆ ಉಳಿದ ಸಣ್ಣ ಮಗುವಿನ ಹತ್ತಿರ. ಹಾಗಾಗಿ ನಿಮ್ಮ ಸಮಯ, ಜನ, ಗಮನ ಹೆಚ್ಚಾಗಿ ದಾರಿಗೆ ಹೋಗಬೇಕು.

ಹಂತ 1: ಸುದ್ದಿ ಬಂದ ಸಂಜೆ ಏನು ಮಾಡಬೇಕು

ಸುದ್ದಿ ಸಾಮಾನ್ಯವಾಗಿ ವಾಟ್ಸಾಪ್‌ನಲ್ಲಿ ಬರುತ್ತದೆ. ಜೊತೆಗೊಂದು ಫೋಟೋ, ಅದರ ಕೆಳಗೆ "ನಮ್ಮೂರ ಕೆರೆ ಹತ್ತಿರ" ಅಂತ ಬರಹ. ಅದನ್ನು ಯಾವ ಗ್ರೂಪಿಗೂ ದಾಟಿಸಬೇಡಿ. ಮೊದಲು ಮೂರು ವಿಷಯ ಕೇಳಿ ತಿಳಿದುಕೊಳ್ಳಿ: ಎಲ್ಲಿ? ಯಾವಾಗ? ಏನನ್ನು ನೋಡಿದರು, ಪ್ರಾಣಿಯನ್ನೋ, ಹೆಜ್ಜೆಯನ್ನೋ, ತಿಂದು ಬಿಟ್ಟ ಮೇಕೆಯನ್ನೋ? "ಯಾರೋ ನೋಡಿದರಂತೆ" ಅನ್ನುವ ಮಾತಿಗೂ "ನಾನೇ ನೋಡಿದೆ" ಅನ್ನುವ ಮಾತಿಗೂ ಎಷ್ಟು ವ್ಯತ್ಯಾಸ ಅಲ್ವಾ? ನೋಡಿದವರ ಜೊತೆಗೇ ನೇರವಾಗಿ ಮಾತನಾಡಿ.

ಆಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ನಿಮ್ಮ ಭಾಗದ ಗಸ್ತು ಅರಣ್ಯ ಪಾಲಕರ ನಂಬರ್, ವಲಯ ಅರಣ್ಯಾಧಿಕಾರಿ ಅಂದರೆ ಆರ್‌ಎಫ್‌ಒ ಅವರ ನಂಬರ್ ಶಾಲೆಯ ಗೋಡೆ ಮೇಲೆ ಇರಲೇಬೇಕು. ಇಲ್ಲದಿದ್ದರೆ ಅರಣ್ಯ ಸಹಾಯವಾಣಿ 1926. ಜನರಿಗೆ ಪೆಟ್ಟಾಗಿದ್ದರೆ, ಪ್ರಾಣಿ ಜನರ ಮಧ್ಯೆ ಸಿಕ್ಕಿಹಾಕಿಕೊಂಡಿದ್ದರೆ 112. ಫೋನ್ ಮಾಡಿದ ಹೊತ್ತು, ಮಾತನಾಡಿದವರ ಹುದ್ದೆ, ಅವರು ಹೇಳಿದ್ದು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಬಿಇಒ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕೇಳಿದಾಗ, ಪತ್ರಿಕೆಯವರು ಕೇಳಿದಾಗ ಕೈಯಲ್ಲಿ ಏನಾದರೂ ಇರುತ್ತದೆ.

ಹೆಜ್ಜೆ ಗುರುತಿನ ಬಗ್ಗೆ ಒಂದು ಸಣ್ಣ ವಿಷಯ. ನಾಯಿ ಹೆಜ್ಜೆಯಲ್ಲಿ ಉಗುರಿನ ಗುರುತು ಕಾಣುತ್ತದೆ. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುವುದರಿಂದ ಸಾಮಾನ್ಯವಾಗಿ ಕಾಣುವುದಿಲ್ಲ. ಇದು ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಆದರೂ ತೀರ್ಮಾನ ಹೇಳುವವರು ಅರಣ್ಯ ಸಿಬ್ಬಂದಿಯೇ ಆಗಲಿ. ಅವರು ಬರುವ ತನಕ ಆ ಗುರುತಿನ ಮೇಲೆ ಬುಟ್ಟಿಯೋ ಬಾಂಡ್ಲಿಯೋ ಮುಚ್ಚಿಡಲು ಹೇಳಿ. ಜನ ತುಳಿದು ಹಾಳು ಮಾಡುವುದು ತಪ್ಪುತ್ತದೆ.

ಹಂತ 2: ಶಾಲೆ ತೆಗೆಯುವುದೋ, ರಜೆಯೋ

ರಜೆ ಘೋಷಿಸುವ ಅಧಿಕಾರ ನಿಮ್ಮೊಬ್ಬರ ಕೈಯಲ್ಲಿ ಇಲ್ಲ. ಇಂಥ ಹೊತ್ತಿನಲ್ಲಿ ರಜೆ ಕೊಡುವುದು ಜಿಲ್ಲಾಡಳಿತ. ನಿಮ್ಮ ಮಾತು ಅಲ್ಲಿಗೆ ಮುಟ್ಟುವುದು ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ), ಬಿಇಒ, ಶಾಲಾ ಶಿಕ್ಷಣ ಉಪನಿರ್ದೇಶಕರ ಮೂಲಕ. ತುಮಕೂರು ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆ ಎರಡು ಅನ್ನುವುದು ನೆನಪಿರಲಿ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದವರ ಕಡತ ಮಧುಗಿರಿ ಉಪನಿರ್ದೇಶಕರ ಕಚೇರಿಗೆ ಹೋಗುತ್ತದೆ, ಉಳಿದವರದು ತುಮಕೂರಿಗೆ. ಸ್ಥಳೀಯ ರಜೆ ಬಳಸಿಕೊಳ್ಳುವುದಾದರೂ ಬಿಇಒ ಗಮನಕ್ಕೆ ತಂದೇ ಮಾಡಿ.

ಆದರೆ ಅಧಿಕಾರಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ರಜೆ ಕೊಟ್ಟರೆ ಮಗು ಎಲ್ಲಿರುತ್ತದೆ? ಅಪ್ಪ ಅಮ್ಮ ಕೂಲಿಗೆ ಹೋಗುತ್ತಾರೆ. ಮಗು ಅಜ್ಜಿ ಜೊತೆ ಮೇಕೆ ಹೊಡೆದುಕೊಂಡು ಗುಡ್ಡದ ಬುಡಕ್ಕೆ ಹೋಗುತ್ತದೆ, ಇಲ್ಲವೇ ತೋಟದ ಮನೆ ಹತ್ತಿರ ಒಂಟಿಯಾಗಿ ಆಡುತ್ತದೆ. ಅಂದರೆ ಕಾಂಪೌಂಡಿನ ಒಳಗೆ ಮೇಷ್ಟ್ರ ಕಣ್ಣೆದುರು ಇರಬೇಕಾದ ಮಗುವನ್ನು ನಾವೇ ಪೊದೆಯ ಹತ್ತಿರ ಕಳಿಸಿದ ಹಾಗಾಗುತ್ತದೆ. ಜೊತೆಗೆ ಬಿಸಿಯೂಟವೂ ತಪ್ಪುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ದಾರಿಗೆ ಜನ ಹೊಂದಿಸಲು ಆಗುವುದಾದರೆ ಶಾಲೆ ತೆಗೆದಿಡಿ, ಹೊತ್ತು ಬದಲಿಸಿ.

ರಜೆಯೇ ಸರಿ ಅನ್ನುವ ಸಂದರ್ಭಗಳೂ ಇವೆ. ಪ್ರಾಣಿ ಶಾಲೆಯ ಆವರಣದಲ್ಲೋ ಪಕ್ಕದ ತೋಟದಲ್ಲೋ ಇದೆ ಅಂತ ಅರಣ್ಯ ಇಲಾಖೆಯೇ ಹೇಳಿದಾಗ. ಹಿಡಿಯುವ ಕಾರ್ಯಾಚರಣೆ ಅದೇ ದಾರಿಯಲ್ಲಿ ನಡೆಯುವಾಗ. ಊರಿನಲ್ಲಿ ಸಾವಾದಾಗ. ಈ ಮೂರರಲ್ಲಿ ಯಾವುದಿದ್ದರೂ ಬಿಇಒಗೆ ಫೋನ್ ಮಾಡಿ, ಹಿಂದೆಯೇ ಬರಹದಲ್ಲೂ ಕಳಿಸಿ. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರನ್ನು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅಂದರೆ ಪಿಡಿಒ ಅವರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ಪೊದೆ ಕಡಿಸಲು, ಬೀದಿದೀಪ ಹಾಕಿಸಲು, ಮೈಕ್ ಕಟ್ಟಿದ ಆಟೋ ಓಡಿಸಲು ಪಂಚಾಯ್ತಿಯೇ ಬೇಕು.

ಹಂತ 3: ಪೋಷಕರಿಗೆ ದಿನಾ ಒಂದೇ ಹೊತ್ತಿಗೆ ಸುದ್ದಿ

ಸುದ್ದಿ ಸಿಗದಿದ್ದರೆ ಜನ ಸುದ್ದಿ ಹುಟ್ಟಿಸಿಕೊಳ್ಳುತ್ತಾರೆ. ಅದಕ್ಕೆ ಒಂದು ಹೊತ್ತು ಗೊತ್ತು ಮಾಡಿ. ಸಂಜೆ 7.30 ಅಂದರೆ 7.30. ಹೇಳುವುದು ಏನೂ ಇಲ್ಲದಿದ್ದರೂ "ಹೊಸ ಸುದ್ದಿ ಇಲ್ಲ, ನಾಳೆಯೂ ಇದೇ ವ್ಯವಸ್ಥೆ" ಅಂತ ಹಾಕಿ. ಶಾಲೆಯ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿ. ಪೋಷಕರು ಕೇಳುವುದಕ್ಕೆ ಒಂದು ಫೋನ್ ನಂಬರ್ ಬೇರೆ ಕೊಡಿ. ಸಂದೇಶ ಹೀಗಿರಬಹುದು:

"ಗುರುವಾರ ಸಂಜೆ 7.30. ನಿನ್ನೆ ರಾತ್ರಿ ಕೆರೆ ಏರಿ ಹಿಂದಿನ ತೋಟದಲ್ಲಿ ಮೇಕೆ ಹಿಡಿದದ್ದು ಚಿರತೆಯೇ ಎಂದು ಅರಣ್ಯ ಇಲಾಖೆಯವರು ಹೇಳಿದ್ದಾರೆ. ಬೋನು ಇಟ್ಟಿದ್ದಾರೆ. ನಾಳೆ ಶಾಲೆ ಇದೆ. 10 ಗಂಟೆಗೆ ಶುರು, 3.30ಕ್ಕೆ ಬಿಡುತ್ತೇವೆ. ಹಟ್ಟಿ ಕಡೆಯ ಮಕ್ಕಳು 9.15ಕ್ಕೆ ಅರಳಿಕಟ್ಟೆ ಹತ್ತಿರ ಸೇರಲಿ, ಇಬ್ಬರು ದೊಡ್ಡವರು ಜೊತೆಗೆ ಬರುತ್ತಾರೆ. ಯಾರನ್ನೂ ಒಂಟಿಯಾಗಿ ಕಳಿಸಬೇಡಿ. ಮುಂದಿನ ಸುದ್ದಿ ನಾಳೆ ಸಂಜೆ 7.30ಕ್ಕೆ. ಮುಖ್ಯ ಶಿಕ್ಷಕರು."

ಇದರಲ್ಲಿ "ಹೆದರಬೇಡಿ" ಅನ್ನುವ ಮಾತು ಇಲ್ಲ, ಗಮನಿಸಿ. ಹೆದರಬೇಡಿ ಅಂದರೆ ಯಾರೂ ಹೆದರಿಕೆ ಬಿಡುವುದಿಲ್ಲ. ನಾಳೆ 9.15ಕ್ಕೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾದರೆ ಸ್ವಲ್ಪ ಸಮಾಧಾನ ಆಗುತ್ತದೆ.

ಎಲ್ಲ ಮನೆಯಲ್ಲೂ ಸ್ಮಾರ್ಟ್‌ಫೋನ್ ಇರುವುದಿಲ್ಲ. ಇದ್ದರೂ ಅದು ಅಪ್ಪನ ಜೇಬಿನಲ್ಲಿ, ಅಪ್ಪ ಬೆಂಗಳೂರಿನಲ್ಲಿ. ಮಕ್ಕಳ ವಿವರ ಇರುವ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿರುವ ನಂಬರುಗಳಲ್ಲಿ ಎಷ್ಟೋ ಈಗ ಚಾಲ್ತಿಯಲ್ಲೇ ಇರುವುದಿಲ್ಲ. ಫೋನ್ ಸಿಗದ ಮನೆಗಳ ಪಟ್ಟಿ ಮಾಡಿ, ಪ್ರತಿ ಮನೆಗೆ ಪಕ್ಕದ ಮನೆಯವರೊಬ್ಬರನ್ನು ಗೊತ್ತು ಮಾಡಿ. ದೇವಸ್ಥಾನದ ಮೈಕು, ಮಸೀದಿಯ ಮೈಕು, ಡಂಗುರ, ಹಾಲಿನ ಡೇರಿ, ಎಲ್ಲವನ್ನೂ ಬಳಸಿ. ಸಂಜೆ ಹಾಲು ಹಾಕಲು ಹೆಚ್ಚು ಕಡಿಮೆ ಎಲ್ಲ ಮನೆಯವರೂ ಬರುತ್ತಾರೆ, ಡೇರಿ ಬೋರ್ಡಿನ ಮೇಲೆ ಎರಡು ಸಾಲು ಬರೆದರೆ ಊರೆಲ್ಲ ಓದಿದ ಹಾಗೆ. ಪಾವಗಡ ಕಡೆ ತೆಲುಗಿನಲ್ಲಿ, ಉರ್ದು ಮಾತನಾಡುವ ಮನೆಗಳಿಗೆ ಉರ್ದುವಿನಲ್ಲಿ ಒಂದು ಧ್ವನಿ ಸಂದೇಶ ಮಾಡಿಸಿ ಕಳಿಸಿ. ಓದಲು ಬಾರದ ಅಜ್ಜಿಗೂ ಅದು ಮುಟ್ಟುತ್ತದೆ.

ಹಂತ 4: ದಾರಿಯ ನಕ್ಷೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ನನ್ನ ಲೆಕ್ಕದಲ್ಲಿ ಉಳಿದ ಎಲ್ಲಕ್ಕಿಂತ ಇದೇ ಮುಖ್ಯ.

ಒಂದು ದೊಡ್ಡ ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ. ನಡುವೆ ಶಾಲೆ ಬರೆಯಿರಿ. ಮಕ್ಕಳನ್ನೇ ಕರೆದು, ಅವರು ನಿಜವಾಗಿ ನಡೆದು ಬರುವ ದಾರಿಯನ್ನು ಗುರುತಿಸಿ. ಡಾಂಬರು ರಸ್ತೆ ಹಾಕಿ ಸುಮ್ಮನಾಗಬೇಡಿ. ಮಕ್ಕಳು ರಸ್ತೆಯಲ್ಲಿ ಬರುವುದಿಲ್ಲ, ಮಾವಿನ ತೋಪಿನ ನಡುವೆ, ಹಳ್ಳದ ದಂಡೆ ಹಿಡಿದು, ಬೇಲಿ ನುಸುಳಿ ಬರುತ್ತಾರೆ. ನಿಮಗೆ ಗೊತ್ತೇ ಇಲ್ಲದ ಅಡ್ಡದಾರಿಗಳು ಈ ಹಾಳೆಯ ಮೇಲೆ ಮೂಡುತ್ತವೆ. 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರ್, 6ರಿಂದ 8ಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮ. ಮೂರು ಕಿಲೋಮೀಟರ್ ಅಂದರೆ ಮಕ್ಕಳ ಕಾಲಿಗೆ ಮುಕ್ಕಾಲು ಗಂಟೆಯ ಮೇಲೆ. ಬೇಲಿಯ ಎಲಚಿ ಹಣ್ಣು, ಹುಣಸೆಕಾಯಿ ಎಲ್ಲ ಮುಗಿಸಿಕೊಂಡು ಬಂದರೆ ಇನ್ನೂ ಜಾಸ್ತಿ.

ಆಮೇಲೆ ಒಂದು ದಿನ ಶಾಲೆ ಬಿಟ್ಟ ಹೊತ್ತಿನಲ್ಲೇ ಆ ದಾರಿಗಳಲ್ಲಿ ನೀವೇ ನಡೆಯಿರಿ. ಬೈಕಿನಲ್ಲಿ ಹೋದರೆ ಏನೂ ಕಾಣುವುದಿಲ್ಲ. ಜೊತೆಗೆ ಅರಣ್ಯ ಸಿಬ್ಬಂದಿ ಇದ್ದರೆ ಇನ್ನೂ ಒಳ್ಳೆಯದು. ದಾರಿಗೆ ತಾಗಿದ ಲಂಟಾನ ಪೊದೆ, ಬಂಡೆಗಳ ಸಂದು, ಪಾಳು ಮನೆ, ನೀರು ನಿಂತ ಹಳ್ಳ, ಕೋಳಿ ಅಂಗಡಿಯವರು ಕಸ ಸುರಿಯುವ ಜಾಗ, ಇವಕ್ಕೆ ಕೆಂಪು ಗುರುತು ಹಾಕಿ. ಕೋಳಿ ಕಸ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಆ ಕಸದ ರಾಶಿ ತೆಗೆಸಲು ಪಿಡಿಒಗೆ ಬರೆಯಿರಿ, ಫೋಟೋ ಲಗತ್ತಿಸಿ. ಕೆಂಪು ಗುರುತು ಜಾಸ್ತಿ ಇರುವ ದಾರಿಯನ್ನು ಸದ್ಯಕ್ಕೆ ಬಿಟ್ಟುಬಿಡಿ, ಸುತ್ತಾದರೂ ರಸ್ತೆಯಲ್ಲೇ ಬರಲಿ.

ಗೊಲ್ಲರಹಟ್ಟಿ, ತಾಂಡಾ, ತೋಟದ ಮನೆಗಳ ಮಕ್ಕಳನ್ನು ಮೊದಲು ನೋಡಿ. ಹಟ್ಟಿಗಳು ಊರಿಂದ ದೂರ, ಕುರಿ ರೊಪ್ಪ ಮನೆಗೆ ತಾಗಿಕೊಂಡೇ ಇರುತ್ತದೆ. ಚಿರತೆ ಬರುವುದು ಕುರಿಗೆ. ಆದರೆ ಆ ದಾರಿಯಲ್ಲೇ ಮಕ್ಕಳೂ ಓಡಾಡುತ್ತಾರೆ.

ಪ್ರತಿ ದಾರಿಗೂ ಒಂದು ಗುಂಪು ಮಾಡಿ. ಮುಂದೆ ಒಬ್ಬರು ದೊಡ್ಡವರು, ಹಿಂದೆ ಒಬ್ಬರು. ಹಿಂದೆ ನಡೆಯುವವರೇ ಮುಖ್ಯ, ಯಾಕೆಂದರೆ ಚಪ್ಪಲಿ ಕಿತ್ತುಹೋಯಿತು ಅಂತ ನಿಲ್ಲುವ ಮಗು ಹಿಂದೆಯೇ ಉಳಿಯುವುದು. ಸಣ್ಣವರು ನಡುವೆ ಇರಲಿ. ಮಾತು, ಹಾಡು, ಮಗ್ಗಿ, ಏನಾದರೂ ಸದ್ದು ಮಾಡುತ್ತಾ ಬರಲಿ. ಮನುಷ್ಯರ ಸದ್ದು ಕೇಳಿದರೆ ಚಿರತೆ ಸಾಮಾನ್ಯವಾಗಿ ದೂರ ಸರಿಯುತ್ತದೆ. ಜೊತೆಗೆ ಬರುವವರ ಕೈಯಲ್ಲಿ ಕೋಲು, ಟಾರ್ಚ್, ಶಿಳ್ಳೆ ಇದ್ದರೆ ಸಾಕು. ಕುಡುಗೋಲು, ಮಚ್ಚು, ಬಂದೂಕು ಬೇಡ. ಮಕ್ಕಳ ಗುಂಪಿನ ನಡುವೆ ಅವೇ ಅಪಾಯ.

ಜೊತೆ ಬರುವವರನ್ನು ಎಲ್ಲಿಂದ ತರುವುದು? ಎಸ್‌ಡಿಎಂಸಿ ಸದಸ್ಯರು, ಸ್ತ್ರೀಶಕ್ತಿ ಸಂಘದವರು, ಯುವಕ ಸಂಘದವರು, ಹಳೆ ವಿದ್ಯಾರ್ಥಿಗಳು. ದಿನಾ ಒಬ್ಬರೇ ಬಂದರೆ ವಾರದಲ್ಲಿ ಬೇಸರ ಬರುತ್ತದೆ, ಆದ್ದರಿಂದ ಪಾಳಿ ಹಾಕಿ. ಹೆಸರು, ಫೋನ್ ನಂಬರ್ ರಿಜಿಸ್ಟರ್‌ನಲ್ಲಿ ಬರೆಯಿರಿ. ಊರಿಗೇ ಪರಿಚಯ ಇಲ್ಲದವರನ್ನು, ಕುಡಿದು ಬರುವವರನ್ನು ಮುಲಾಜಿಲ್ಲದೆ ದೂರ ಇಡಿ. ಮಕ್ಕಳ ರಕ್ಷಣೆ ಅಂದಮೇಲೆ ಅದು ಚಿರತೆಯಿಂದ ಮಾತ್ರ ಅಲ್ಲವಲ್ಲ. ಗುಂಪು ಮನೆ ಕಡೆ ಮುಟ್ಟಿದ ಮೇಲೆ ಹಿಂದೆ ನಡೆದವರು ಒಂದು ಮಿಸ್ಡ್ ಕಾಲ್ ಕೊಡಲಿ. ಎಲ್ಲ ದಾರಿಯಿಂದಲೂ ಕಾಲ್ ಬರುವ ತನಕ ಶಾಲೆಯಲ್ಲಿ ಒಬ್ಬರು ಶಿಕ್ಷಕರು ಇರಬೇಕು.

ಒಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಾದರೆ? ಇಷ್ಟೆಲ್ಲ ಆಗುವುದಿಲ್ಲ, ನಿಜ. ಅಂಥಲ್ಲಿ ನಕ್ಷೆ, ಪಾಳಿ ಪಟ್ಟಿ ಎರಡು ಮಾತ್ರ ಮಾಡಿ, ಉಳಿದದ್ದನ್ನು ಸಿಆರ್‌ಪಿ ಮೂಲಕ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯ ಜೊತೆ ಹೊಂದಿಸಿಕೊಳ್ಳಿ. ಎರಡೂ ಶಾಲೆಯ ಮಕ್ಕಳು ಒಂದೇ ಗುಂಪಿನಲ್ಲಿ ನಡೆದರೆ ಏನೂ ತೊಂದರೆ ಇಲ್ಲ.

ಹಂತ 5: ಹೊತ್ತು

ಚಿರತೆ ಹೆಚ್ಚು ಓಡಾಡುವುದು ರಾತ್ರಿ, ಮತ್ತೆ ಬೆಳಗಿನ ಜಾವ, ಮುಸ್ಸಂಜೆ. ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮ ಕಡೆ ಸುಮಾರು 6 ಗಂಟೆಗೇ ಸೂರ್ಯ ಮುಳುಗುತ್ತಾನೆ. ಮಾಮೂಲಿ 4.20ಕ್ಕೆ ಶಾಲೆ ಬಿಟ್ಟರೆ ದೂರದ ಮಗು ಮನೆ ಸೇರುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಅದಕ್ಕೇ 3.30ಕ್ಕೆ ಬಿಡಲು ಬಿಇಒ ಅನುಮತಿ ಕೇಳಿ. ಕಡಿಮೆಯಾದ ಪಾಠವನ್ನು ಆಮೇಲೆ ಹೇಗೆ ತುಂಬಿಕೊಡುತ್ತೀರಿ ಅಂತ ಅದೇ ಪತ್ರದಲ್ಲಿ ಬರೆದರೆ ಅನುಮತಿ ಬೇಗ ಸಿಗುತ್ತದೆ. ಶನಿವಾರದ ಬೆಳಗಿನ ಶಾಲೆಯನ್ನೂ ಸ್ವಲ್ಪ ತಡವಾಗಿ ಶುರು ಮಾಡಿ.

ಪ್ರೌಢಶಾಲೆಯವರು ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಎಸ್‌ಎಸ್‌ಎಲ್‌ಸಿ ವಿಶೇಷ ತರಗತಿ. ಫಲಿತಾಂಶದ ಒತ್ತಡ ಎಷ್ಟಿದ್ದರೂ ಬೆಳಿಗ್ಗೆ 8ರ ತರಗತಿ, ಸಂಜೆ 6ರವರೆಗಿನ ಗುಂಪು ಓದು, ಎರಡನ್ನೂ ನಿಲ್ಲಿಸಿ. ಶಾಲೆಯ ಅವಧಿಯೊಳಗೇ ಒಂದು ತಾಸು ಹೊಂದಿಸಿ. ಊರಿನ ಮನೆಪಾಠದವರಿಗೂ ಹೇಳಿ. ಬಸ್ಸಿನಲ್ಲಿ ಬರುವ ಮಕ್ಕಳಿದ್ದರೆ ಕೆಎಸ್‌ಆರ್‌ಟಿಸಿ ಡಿಪೋ ವ್ಯವಸ್ಥಾಪಕರಿಗೆ ಪತ್ರ ಕೊಟ್ಟು ಬಸ್ಸಿನ ಹೊತ್ತು ಹೊಂದಿಸಲು ಕೇಳಿ. ಇಲ್ಲದಿದ್ದರೆ 3.30ಕ್ಕೆ ಬಿಟ್ಟ ಮಕ್ಕಳು 5ರ ಬಸ್ಸಿಗೆ ಸ್ಟಾಪಿನಲ್ಲಿ ಸುಮ್ನೆ ಕಾಯುತ್ತಾ ಕೂರುತ್ತಾರೆ.

ಅಡುಗೆಯವರನ್ನು ಮರೆಯಬೇಡಿ. ಎಲ್ಲರಿಗಿಂತ ಮೊದಲು, ಹಾಲು ಕಾಯಿಸಲು ಒಂಟಿಯಾಗಿ ಬರುವವರು ಅವರು. ಅವರೂ ಗುಂಪಿನ ಜೊತೆ ಬರಲಿ, ಹಾಲು ಅರ್ಧ ಗಂಟೆ ತಡವಾದರೆ ಆಗಲಿ. ಅಂಗನವಾಡಿ ನಿಮ್ಮ ಆವರಣದಲ್ಲೇ ಇದ್ದರೆ ಅಲ್ಲಿನ ಮಕ್ಕಳನ್ನೂ ಇದೇ ವ್ಯವಸ್ಥೆಗೆ ಸೇರಿಸಿ. ಲೆಕ್ಕಕ್ಕೆ ಅದು ಬೇರೆ ಇಲಾಖೆ, ಚಿರತೆಗೆ ಇಲಾಖೆ ಗೊತ್ತಿಲ್ಲ.

ಹಂತ 6: ಆವರಣ

ಇದು ಬೇಗ ಮುಗಿಯುವ ಕೆಲಸ. ಬಿಸಿಯೂಟದಲ್ಲಿ ಉಳಿದ ಅನ್ನವನ್ನು ಗೋಡೆಯಾಚೆ ಎಸೆಯುವುದನ್ನು ಇವತ್ತೇ ನಿಲ್ಲಿಸಿ. ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಬೀದಿನಾಯಿ ಶಾಲೆಯಲ್ಲಿ ಮಲಗುವುದು ತಪ್ಪಿದರೆ ಅರ್ಧ ಕೆಲಸ ಆಯಿತು. ಶೌಚಾಲಯದ ಹಿಂದಿನ ಗಿಡಗಂಟಿ ಕಡಿಸಿ. ಮಕ್ಕಳು ಇಬ್ಬಿಬ್ಬರಾಗಿ ಶೌಚಾಲಯಕ್ಕೆ ಹೋಗಲಿ. ಬಯಲಿಗೆ ಹೋಗಿ ಕೂರುವುದು ಈ ದಿನಗಳಲ್ಲಿ ಬೇಡವೇ ಬೇಡ. ಕೂತಾಗ, ಬಗ್ಗಿದಾಗ ಮನುಷ್ಯ ಸಣ್ಣ ಪ್ರಾಣಿಯ ಹಾಗೆ ಕಾಣುತ್ತಾನೆ. ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಇದೇ ಸಮಯ ಅಂತ ಪಂಚಾಯ್ತಿಯಿಂದ ನೀರು ಹಾಕಿಸಿಕೊಳ್ಳಿ.

ಬೆಳಿಗ್ಗೆ ಬೀಗ ತೆಗೆಯುವವರು ಇಬ್ಬರಿರಲಿ. ಮಕ್ಕಳು ಒಳಗೆ ಬರುವ ಮೊದಲು ಪಾಳು ಕೊಠಡಿ, ಸ್ಟೋರ್ ರೂಮ್, ಅಡುಗೆ ಕೋಣೆಯ ಹಿಂಬದಿ ದೂರದಿಂದಲೇ ಒಮ್ಮೆ ನೋಡಿ, ಬಾಗಿಲು ತಟ್ಟಿ ಸದ್ದು ಮಾಡಿ. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕುಂದಲಹಳ್ಳಿ ಬಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿತ್ತು. ಅವತ್ತು ಭಾನುವಾರ, ಮಕ್ಕಳಿರಲಿಲ್ಲ. ಹಿಡಿಯಲು ಹೋದವರಲ್ಲಿ ಹಲವರಿಗೆ ಗಾಯವಾಯಿತು. ಖಾಲಿ ಕಟ್ಟಡ ಚಿರತೆಗೆ ಒಳ್ಳೆಯ ಅಡಗುತಾಣ. ಆದ್ದರಿಂದ ರಜೆಯ ಮರುದಿನ ಬೆಳಿಗ್ಗೆ ಇನ್ನೂ ಹುಷಾರಾಗಿರಿ.

ಶಾಲೆ ನಡೆಯುವಾಗಲೇ ಆವರಣದಲ್ಲಿ ಕಂಡರೆ? ಇದಕ್ಕೆ ಒಂದು ಸಂಕೇತ ಮೊದಲೇ ಬೇಕು. ಉದ್ದ ಬೆಲ್ ಹೊಡೆಯಬೇಡಿ. ನಮ್ಮ ಶಾಲೆಗಳಲ್ಲಿ ಉದ್ದ ಬೆಲ್ ಅಂದರೆ ಮನೆಗೆ ಬಿಟ್ಟರು ಅಂತ, ಮಕ್ಕಳೆಲ್ಲ ಹೋ ಅಂತ ಹೊರಗೆ ಓಡುತ್ತಾರೆ. ಮೂರು ಸಲ ಚಿಕ್ಕ ಶಿಳ್ಳೆ, ಮತ್ತೆ ಮೂರು ಸಲ, ಹೀಗೆ ಏನಾದರೂ ಗೊತ್ತು ಮಾಡಿ, ಒಂದೆರಡು ದಿನ ಆಟದ ಹಾಗೆ ಅಭ್ಯಾಸ ಮಾಡಿಸಿ. ಶಿಳ್ಳೆ ಕೇಳಿದ ಕೂಡಲೇ ಹತ್ತಿರದ ಕೊಠಡಿಗೆ ಎಲ್ಲರೂ. ತಮ್ಮ ತರಗತಿಯೇ ಆಗಬೇಕು ಅಂತಿಲ್ಲ. ಬಾಗಿಲು, ಕಿಟಕಿ ಹಾಕಿ, ತಲೆ ಎಣಿಸಿ. ಆಮೇಲೆ 1926, 112. ಗೇಟು ತೆರೆದೇ ಇರಲಿ, ಚಿರತೆಗೆ ಹೊರಗೆ ಹೋಗುವ ದಾರಿ ಬೇಕು. ಓಡಿಸಲು, ಫೋಟೋ ತೆಗೆಯಲು ಯಾರೂ ಹೋಗಬಾರದು. ಅರಣ್ಯ ಇಲಾಖೆಯವರು ಬಂದು ಹೇಳುವ ತನಕ ಬಾಗಿಲು ತೆಗೆಯಬೇಡಿ, ಅಪ್ಪ ಬಂದು ಬಡಿದರೂ ಸರಿ.

ಎದುರಾಎದುರು ಸಿಕ್ಕಿದರೆ ಏನು ಮಾಡಬೇಕು ಅಂತ ಮಕ್ಕಳಿಗೆ ಹೇಳಿಕೊಡುವುದು ನಾಲ್ಕೇ ಮಾತು: ಓಡಬೇಡ, ಕೂರಬೇಡ, ಕೈ ಮೇಲೆತ್ತಿ ದೊಡ್ಡದಾಗಿ ಕಾಣುವ ಹಾಗೆ ನಿಂತು ಕೂಗು, ಅದರ ಕಡೆ ಬೆನ್ನು ಹಾಕದೆ ನಿಧಾನವಾಗಿ ಹಿಂದೆ ಸರಿ.

ಹಂತ 7: ಗುಂಪು ಮತ್ತು ಗಾಳಿಸುದ್ದಿ

ಬೋನು ಇಟ್ಟ ಜಾಗ ಊರಿಗೆ ಜಾತ್ರೆ ಆಗುತ್ತದೆ. ದೊಡ್ಡ ತರಗತಿಯ ಹುಡುಗರು ಶಾಲೆಗೆ ಅಂತ ಹೊರಟು ಅಲ್ಲಿ ನಿಂತಿರುತ್ತಾರೆ. ಜನ ಓಡಾಡಿದರೆ ಚಿರತೆ ಬೋನಿನ ಹತ್ತಿರವೂ ಸುಳಿಯುವುದಿಲ್ಲ. ಅರಿವಳಿಕೆ ಮದ್ದು ಹೊಡೆದರೂ ಅದು ಕೂಡಲೇ ಬೀಳುವುದಿಲ್ಲ, ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಸುತ್ತ ಜನ ಇದ್ದರೆ ಅನಾಹುತ. ಇದನ್ನು ಪ್ರಾರ್ಥನೆ ಹೊತ್ತಿನಲ್ಲೇ ಹೇಳಿ. ಬೆಳಿಗ್ಗೆ ಹಾಜರಿ ತೆಗೆದು ಅರ್ಧ ಗಂಟೆಯಲ್ಲಿ, ಬಾರದ ಪ್ರತಿ ಮಗುವಿನ ಮನೆಗೆ ಫೋನ್ ಹೋಗಲಿ. "ಮನೆಯಿಂದ ಹೊರಟನಲ್ಲ ಸಾರ್" ಅಂದರೆ ಎಲ್ಲಿ ಹುಡುಕಬೇಕು ಅಂತ ನಿಮಗೆ ಗೊತ್ತಾಗುತ್ತದೆ.

ಊರಿನ ಸಿಟ್ಟು ಬೇರೆ ಕಡೆಯೂ ತಿರುಗಬಹುದು. ಸತ್ತ ಮೇಕೆಗೆ ವಿಷ ಹಾಕುವ ಮಾತು ಬರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಚಿರತೆ ಒಂದನೇ ಅನುಸೂಚಿಯ ಪ್ರಾಣಿ. ಕೊಂದರೆ ಜೈಲು. ಆ ವಿಷ ತಿಂದು ಊರಿನ ನಾಯಿಗಳೂ ಸಾಯುತ್ತವೆ ಅನ್ನುವುದನ್ನು ಜೊತೆಗೆ ಸೇರಿಸಿ ಹೇಳಿ, ಕಾನೂನಿಗಿಂತ ಅದು ಬೇಗ ನಾಟುತ್ತದೆ.

ಇನ್ನು ರಾತ್ರಿ ಗಸ್ತು ತಿರುಗುವ ಹುಡುಗರು. ಕೈಯಲ್ಲಿ ದೊಣ್ಣೆ, ಮನಸ್ಸಿನಲ್ಲಿ ಭಯ, ಆ ಹೊತ್ತಿನಲ್ಲಿ ಅಪರಿಚಿತರು ಸಿಕ್ಕಿದರೆ ಏನು ಬೇಕಾದರೂ ಆಗಬಹುದು. 2018ರಲ್ಲಿ ಮಕ್ಕಳ ಕಳ್ಳರ ಗಾಳಿಸುದ್ದಿ ಹಬ್ಬಿದಾಗ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಯುವಕನನ್ನು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅದೇ ವರ್ಷ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸುವ ಮಿತಿ ಹಾಕಿತು. ಆ ಮಿತಿ ಇದ್ದರೂ ಊರಿನ ಮಟ್ಟಿಗೆ ಐದು ಗ್ರೂಪು ಧಾರಾಳ ಸಾಕು. ಬಟ್ಟೆ ಮಾರುವವರು, ಕೂದಲು ಕೊಳ್ಳುವವರು, ಅಲೆಮಾರಿಗಳು ಬಂದಾಗ ಹುಡುಗರು ಗುಂಪು ಸೇರಿದರೆ ಕೂಡಲೇ ಬೀಟ್ ಪೊಲೀಸರಿಗೆ ಫೋನ್ ಮಾಡಿ. ಮೇಷ್ಟ್ರು ಮೇಡಂ ಹೇಳಿದರೆ ಹಳೆ ವಿದ್ಯಾರ್ಥಿಗಳು ಕೇಳುತ್ತಾರೆ. ಆ ಸಲಿಗೆ ಬೇರೆ ಯಾವ ಅಧಿಕಾರಿಗೂ ಇಲ್ಲ, ಅದನ್ನು ಬಳಸಿ.

ಟಿವಿಯವರು, ಯೂಟ್ಯೂಬಿನವರು ಬಂದರೆ ಒಬ್ಬರೇ ಮಾತನಾಡಿ. ಮಕ್ಕಳ ಮುಂದೆ ಮೈಕ್ ಹಿಡಿಯಲು ಬಿಡಬೇಡಿ. "ಚಿರತೆ ಬಗ್ಗೆ ಅರಣ್ಯ ಇಲಾಖೆ ಹೇಳುತ್ತದೆ, ಶಾಲೆ ಬಗ್ಗೆ ನಾನು ಹೇಳುತ್ತೇನೆ" ಅಂದರೆ ಸಾಕು.

ಹಂತ 8: ಮಕ್ಕಳ ಮನಸ್ಸು

ಮಕ್ಕಳಿಗೆ ಹೆದರಿಕೆ ಆಗಿದೆ ಅಂತ ಅವರೇ ಬಂದು ಹೇಳುವುದಿಲ್ಲ. ಹೊಟ್ಟೆನೋವು ಅನ್ನುತ್ತಾರೆ. ಮೂರನೇ ತರಗತಿಯ ಮಗು ಮತ್ತೆ ಹಾಸಿಗೆ ಒದ್ದೆ ಮಾಡುತ್ತದೆ. ಶಾಲೆ ಬಿಡುವ ಹೊತ್ತು ಹತ್ತಿರ ಬಂದಂತೆ ಸಪ್ಪಗಾಗುತ್ತದೆ. ಇಂಥದ್ದನ್ನು ಗಮನಿಸಿ ಅಂತ ಶಿಕ್ಷಕರಿಗೆ ಹೇಳಿ. ಬೆಳಿಗ್ಗೆ ಹತ್ತು ನಿಮಿಷ ಅವರೇ ಮಾತನಾಡಲಿ, ಚಿತ್ರ ಬರೆಯಲಿ. ಚಿರತೆ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾಕೆ ಊರ ಕಡೆ ಬರುತ್ತದೆ ಅಂತ ಪಾಠ ಮಾಡಿ. ಅರಣ್ಯ ಸಿಬ್ಬಂದಿಯನ್ನೇ ಕರೆಸಿದರೆ ಮಕ್ಕಳು ಕೇಳುವ ಪ್ರಶ್ನೆ ಮುಗಿಯುವುದೇ ಇಲ್ಲ. ದಾಳಿಯ ಫೋಟೋ, ವಿಡಿಯೊ ಮಾತ್ರ ಯಾವ ಕಾರಣಕ್ಕೂ ತೋರಿಸಬೇಡಿ.

ಶಾಲೆಯ ಮಗುವೇ ಹೋಗಿಬಿಟ್ಟರೆ, ಆ ದಿನ ಪಾಠ ಇಲ್ಲ. ಆ ತರಗತಿಗೆ ಅವರ ತರಗತಿ ಶಿಕ್ಷಕರೇ, ಸರಳ ಮಾತಿನಲ್ಲಿ, ಸುಳ್ಳಿಲ್ಲದೆ ಹೇಳಬೇಕು. "ಊರಿಗೆ ಹೋಗಿದ್ದಾನೆ" ಅನ್ನಬೇಡಿ. ಆ ಮನೆಗೆ ನೀವೇ ಹೋಗಿ. ಪರಿಹಾರದ ಅರ್ಜಿಗೆ ಶಾಲೆಯಿಂದ ಬೇಕಾಗುವ ವಯಸ್ಸಿನ ದಾಖಲೆ, ವ್ಯಾಸಂಗ ಪ್ರಮಾಣಪತ್ರ ಅವರು ಕೇಳುವ ಮೊದಲೇ ತಯಾರು ಮಾಡಿ ಕೊಡಿ. ಆ ಮಗುವಿನ ಅಣ್ಣನೋ ತಂಗಿಯೋ ನಿಮ್ಮ ಶಾಲೆಯಲ್ಲಿದ್ದರೆ ಅವರು ವಾಪಸ್ ಬರುವ ದಿನ ಯಾರು ಪಕ್ಕದಲ್ಲಿ ಕೂರಬೇಕು ಅಂತ ಮೊದಲೇ ಯೋಚಿಸಿ. ವಾರಗಳಾದರೂ ಮಗು ಚೇತರಿಸಿಕೊಳ್ಳದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಶಿಕ್ಷಕರೂ ಹೆದರುತ್ತಾರೆ. ತುಮಕೂರಿನಿಂದ ಸ್ಕೂಟಿಯಲ್ಲಿ ಬರುವ ಮೇಡಂ ಒಬ್ಬರೇ ತೋಟದ ದಾರಿಯಲ್ಲಿ ಬರಬೇಕು. ಇಬ್ಬರು ಮೂವರು ಒಟ್ಟಿಗೆ ಬರುವ ಹಾಗೆ ಹೊಂದಿಸಿ, ಹತ್ತು ನಿಮಿಷ ತಡವಾದರೆ ಹಾಜರಿ ಪುಸ್ತಕ ಹಿಡಿದು ಕೂರಬೇಡಿ. ಅತಿಥಿ ಶಿಕ್ಷಕರನ್ನು ಈ ಲೆಕ್ಕದಿಂದ ಹೊರಗಿಡಬೇಡಿ.

ಹಂತ 9: ಬೋನಿಗೆ ಬಿದ್ದ ಮೇಲೆ

ಚಿರತೆ ಸಿಕ್ಕಿತು ಅಂದ ಕೂಡಲೇ ಊರು ಪಟಾಕಿ ಹೊಡೆಯುತ್ತದೆ. ನೀವು ಇನ್ನೊಂದು ವಾರ ಕಾಯಿರಿ. ಸಿಕ್ಕಿದ್ದು ಅದೇ ಚಿರತೆ ಅಂತ ಹೇಳಲು ಸಮಯ ಬೇಕು, ಒಂದೇ ಜಾಗದಲ್ಲಿ ಇನ್ನೊಂದು ಇರಬಹುದು, ತಾಯಿ ಜೊತೆ ಮರಿಗಳೂ ಇರಬಹುದು. ಪ್ರಾಣಿ ಓಡಾಡಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಏನಾದರೂ ಕಂಡಿದೆಯಾ ಅಂತ ಆರ್‌ಎಫ್‌ಒ ಅವರನ್ನು ಕೇಳಿ. ಮೊದಲು ಶಾಲೆ ಬಿಡುವ ಹೊತ್ತನ್ನು ಮಾಮೂಲಿಗೆ ತನ್ನಿ, ಆಮೇಲೆ ಜೊತೆಗೆ ನಡೆಯುವ ದೊಡ್ಡವರನ್ನು ಬಿಡಿ. ಮಕ್ಕಳು ಗುಂಪಾಗಿ ಬರುವುದನ್ನು ಮಾತ್ರ ಬಿಡಿಸಬೇಡಿ. ಬೆಳಗಿನ ವಿಶೇಷ ತರಗತಿ ಎಲ್ಲಕ್ಕಿಂತ ಕೊನೆಗೆ.

ಕಡಿಮೆಯಾದ ಬೋಧನಾ ಅವಧಿಯ ಲೆಕ್ಕ ಬಿಇಒ ಕಚೇರಿಗೆ ಕೊಡಿ. ಪ್ರಾಥಮಿಕಕ್ಕೆ ವರ್ಷಕ್ಕೆ 200 ದಿನ, ಹಿರಿಯ ಪ್ರಾಥಮಿಕಕ್ಕೆ 220 ದಿನ ತುಂಬಬೇಕಲ್ಲ. ಎಸ್‌ಡಿಎಂಸಿ ಸಭೆ ಕರೆದು ಏನು ನಡೆಯಿತು, ಏನು ನಡೆಯಲಿಲ್ಲ ಅಂತ ನಡಾವಳಿಯಲ್ಲಿ ಬರೆಸಿ. ದಾರಿಯ ನಕ್ಷೆ, ಪಾಳಿ ಪಟ್ಟಿ, ಫೋನ್ ನಂಬರುಗಳು, ಬರೆದ ಪತ್ರಗಳ ಪ್ರತಿ, ಎಲ್ಲ ಒಂದು ಫೈಲಿಗೆ ಹಾಕಿ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳ ಮನೆ ನಕ್ಷೆಗೆ ಸೇರಲಿ. ನಿಮಗೆ ವರ್ಗಾವಣೆಯಾದರೆ ಚಾರ್ಜ್ ಪಟ್ಟಿಯಲ್ಲಿ ಈ ಫೈಲನ್ನೂ ಬರೆದು ಕೊಟ್ಟು ಹೋಗಿ. ಬೀರು, ಕುರ್ಚಿ, ಬಿಸಿಯೂಟದ ಪಾತ್ರೆಗಳ ಲೆಕ್ಕದ ಜೊತೆ ಅದಕ್ಕೂ ಹೊಸಬರ ಸಹಿ ಇರಲಿ.